ಬಾಗಿಲು ಒಡೆದ ಮೇಲೆ: ‘ಸಿ.ಐ.ಡಿ.’ ಎಂಬ ಮುಗಿಯದ ಧಾರಾವಾಹಿ

ಸಾಹಿತ್ಯ ಬಳಗದ ಪತ್ರಿಕೆಯಲ್ಲಿ ಸೋನಿ ಟಿವಿಯ ‘ಸಿ.ಐ.ಡಿ.’ಯ ವಿಮರ್ಶೆಯೇ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಕಾರಂತರು, ತೇಜಸ್ವಿ, ವೈದೇಹಿ ಕೂರುವ ಜಗಲಿಯಲ್ಲಿ ಎ.ಸಿ.ಪಿ. ಪ್ರದ್ಯುಮ್ನ ಬಂದು ಕೂತರೆ ಮುನಿಸು ಸಹಜವೇ. ಆದರೆ ಗುದೈಬಿಯಾ, ಹೂರಾ, ಮುಹರ್ರಕ್‌ಗಳ ನಮ್ಮ ಬಾಡಿಗೆ ಮನೆಗಳಲ್ಲಿ ವರ್ಷಗಟ್ಟಲೆ ತಪ್ಪದೆ ನಡೆದುಬಂದ ಕಥಾಶ್ರವಣ ಯಾವುದು ಎಂದು ಕೇಳಿದರೆ ಉತ್ತರ ಇದೇ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಿದ ಕಥೆಯ ಬಗ್ಗೆ ಸಾಹಿತ್ಯದ ಓದುಗರಿಗೆ ಹೇಳಲು ಏನೂ ಇಲ್ಲವೆಂದರೆ ಅದು ನಮ್ಮ ಓದಿನ ಕೊರತೆಯೇ ಹೊರತು ಆ ಕಥೆಯದಲ್ಲ.

ಮೊದಲು ಲೆಕ್ಕ ಒಪ್ಪಿಸಿಬಿಡೋಣ. ಬಿ.ಪಿ. ಸಿಂಗ್ ರೂಪಿಸಿದ ಈ ಹಿಂದಿ ಧಾರಾವಾಹಿ 1998ರ ಜನವರಿ 21ರಂದು ಶುರುವಾಯಿತು. 2018ರ ಅಕ್ಟೋಬರ್ 27ರಂದು ನಿಂತಾಗ ಕಂತುಗಳ ಸಂಖ್ಯೆ 1547 ತಲುಪಿತ್ತು. ಆರು ವರ್ಷ ಸುಮ್ಮನಿದ್ದು 2024ರ ಡಿಸೆಂಬರ್ 21ರಂದು ಮತ್ತೆ ಎದ್ದು ಬಂತು. ಮಧ್ಯೆ ಬಹಳ ವರ್ಷ ಅದು ಶುಕ್ರವಾರ ರಾತ್ರಿ ಹತ್ತಕ್ಕೆ ಬರುತ್ತಿತ್ತು. ಅಲ್ಲಿಯ ಹತ್ತು ಎಂದರೆ ಇಲ್ಲಿ ಏಳೂವರೆ. ಶುಕ್ರವಾರ ಇಲ್ಲಿ ರಜೆ. ಊರಿನಲ್ಲಿ ಮಕ್ಕಳನ್ನು ಮಲಗಿಸುವ ಹೊತ್ತಿಗೆ ಬರುತ್ತಿದ್ದ ಕಾರ್ಯಕ್ರಮ ಕೊಲ್ಲಿಯಲ್ಲಿ ಊಟದ ಹೊತ್ತಿನದಾಯಿತು. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಕಟ್ಟುಪಾಡು ಆಗ ಬಲವಾಗಿತ್ತು. ಹಾಗಾಗಿ ಇಲ್ಲಿ ಹುಟ್ಟಿದ ಅನೇಕ ಕನ್ನಡದ ಮಕ್ಕಳು ಹಿಂದಿಯನ್ನು ಕಲಿತದ್ದೂ, ‘ಇಂಡಿಯಾದಲ್ಲಿ ಪೊಲೀಸರು ಹೀಗಿರುತ್ತಾರೆ’ ಎಂದು ತಿಳಿದದ್ದೂ ಇದರಿಂದಲೇ. ಈ ಎರಡನೆಯ ಪಾಠವನ್ನೇ ನಾವು ಇಲ್ಲಿ ಸ್ವಲ್ಪ ಬಿಚ್ಚಿ ನೋಡಹೊರಟಿದ್ದೇವೆ.

ಪತ್ತೇದಾರಿ ಕಥೆಯನ್ನು ಕೀಳೆಂದು ಬದಿಗಿಡುವುದು ನಮ್ಮ ವಿಮರ್ಶೆಯ ಹಳೆಯ ಅಭ್ಯಾಸ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಬಾಡಿಗೆ ಪುಸ್ತಕದ ಅಂಗಡಿಯ ಮುಂದೆ ಕಾದ ತಲೆಮಾರೇ ಇತ್ತು. ಆ ತಲೆಮಾರಿನ ಎಷ್ಟೋ ಮಂದಿ ಅಲ್ಲಿಂದ ಹತ್ತಿ ಅನಕೃ, ತ್ರಿವೇಣಿಯವರ ಕಡೆಗೆ, ಮುಂದೆ ಭೈರಪ್ಪನವರ ಕಡೆಗೆ ಬಂದವರು. ಆದರೂ ನರಸಿಂಹಯ್ಯನವರು 2011ರಲ್ಲಿ ತೀರಿಕೊಂಡಾಗ ಅವರ ಬರವಣಿಗೆಯ ಬಗ್ಗೆ ಗಂಭೀರವಾದ ಚರ್ಚೆ ಕನ್ನಡದಲ್ಲಿ ಬೆರಳೆಣಿಕೆಯಷ್ಟೂ ಆಗಿರಲಿಲ್ಲ. ಟಿ.ಕೆ. ರಾಮರಾಯರ ಹೆಸರು ಹೇಳಿದರೆ ಇಂದಿಗೂ ಹಲವರಿಗೆ ನೆನಪಾಗುವುದು ‘ಬಂಗಾರದ ಮನುಷ್ಯ’ ಚಿತ್ರದ ಮೂಲ ಕಾದಂಬರಿಯೇ. ಅವರು ಬರೆದ ರೋಚಕ ಕಾದಂಬರಿಗಳ ರಾಶಿಯನ್ನು ತೂಗಿ ನೋಡಿದವರು ಕಡಿಮೆ. ಜನ ಮೆಚ್ಚಿದ್ದನ್ನು ಹೊಗಳಲೇಬೇಕೆಂದಿಲ್ಲ, ಆದರೆ ತೂಗಿ ನೋಡಬೇಕು. ‘ಸಿ.ಐ.ಡಿ.’ಗೂ ಅಷ್ಟು ಮರ್ಯಾದೆ ಸಲ್ಲಬೇಕು.

ತೂಗುವಾಗ ಮೊದಲು ಅದರ ಗುಣ. ನಮ್ಮ ಕರಾವಳಿಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಯಕ್ಷಗಾನಕ್ಕೆ ಹೋದವನಿಗೆ ಕೀಚಕ ಬೆಳಗಾಗುವುದರೊಳಗೆ ಸಾಯುತ್ತಾನೆ ಎಂದು ಗೊತ್ತಿರುತ್ತದೆ. ಅವನು ಕಾಯುವುದು ಭೀಮನ ಪ್ರವೇಶಕ್ಕೆ, ಚಂಡೆಯ ಏರಿಗೆ, ಇವತ್ತು ಅರ್ಥಧಾರಿ ಆ ಮಾತನ್ನು ಹೇಗೆ ಎತ್ತುತ್ತಾನೆ ಎಂಬುದಕ್ಕೆ. ‘ಸಿ.ಐ.ಡಿ.’ಯ ಪ್ರೇಕ್ಷಕನೂ ಹಾಗೆಯೇ. ಹೆಣ ಸಿಗುತ್ತದೆ, ಪ್ರದ್ಯುಮ್ನನ ಬೆರಳು ಗಾಳಿಯಲ್ಲಿ ತಿರುಗುತ್ತದೆ, ಎಲ್ಲೋ ಏನೋ ಎಡವಟ್ಟಿದೆ ಎಂಬ ಮಾತು ಬರುತ್ತದೆ, ಡಾ. ಸಾಳುಂಖೆಯ ಪ್ರಯೋಗಾಲಯದಲ್ಲಿ ಇಬ್ಬರು ಹಿರಿಯರ ಕೀಟಲೆ ನಡೆಯುತ್ತದೆ. ಫ್ರೆಡರಿಕ್ಸ್ ಒಮ್ಮೆ ನಗಿಸುತ್ತಾನೆ. ದಯಾ ಒಂದು ಬಾಗಿಲು ಒಡೆಯುತ್ತಾನೆ. ಇವೆಲ್ಲ ಬಂದರೆ ಪ್ರಸಂಗ ಸಾಂಗವಾಯಿತು. ಶಿವಾಜಿ ಸಾಟಮ್, ಆದಿತ್ಯ ಶ್ರೀವಾಸ್ತವ, ದಯಾನಂದ ಶೆಟ್ಟಿ ಈ ಮೂವರು ಒಂದೇ ವೇಷವನ್ನು ಎರಡು ದಶಕ ಹೊತ್ತು ಬಣ್ಣ ಮಾಸದಂತೆ ಉಳಿಸಿಕೊಂಡದ್ದು ಸಣ್ಣ ಸಾಧನೆಯಲ್ಲ. ಫ್ರೆಡರಿಕ್ಸ್ ಪಾತ್ರದ ದಿನೇಶ್ ಫಡ್ನಿಸ್ 2023ರ ಡಿಸೆಂಬರಿನಲ್ಲಿ ತೀರಿಕೊಂಡಾಗ ನೆಂಟರೊಬ್ಬರು ಹೋದಂತೆ ಮರುಗಿದ ಮನೆಗಳು ನಮ್ಮಲ್ಲಿಯೂ ಇದ್ದವು.

ದಯಾನಂದ ಶೆಟ್ಟರ ಬಗ್ಗೆ ನಮ್ಮ ಜನರಿಗೆ ಇನ್ನೊಂದು ಅಕ್ಕರೆಯೂ ಇದೆ. ಉಡುಪಿ ಜಿಲ್ಲೆಯ ಮೂಲದವರು, ಮನೆಮಾತು ತುಳು, ಬೆಳೆದದ್ದು ಮುಂಬಯಿಯಲ್ಲಿ, ಚಕ್ರ ಎಸೆತದಲ್ಲಿ ಹೆಸರು ಮಾಡಿ ಆಮೇಲೆ ನಟನೆಗೆ ಬಂದವರು. ‘ನಮ್ಮ ಶೆಟ್ರು’ ಬಾಗಿಲು ಒದ್ದಾಗ ಮನಾಮಾದಲ್ಲಿ ಚಪ್ಪಾಳೆ ಬೀಳುತ್ತಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ತಂತ್ರದ ದೃಷ್ಟಿಯಿಂದಲೂ ಒಮ್ಮೊಮ್ಮೆ ಈ ತಂಡ ದೊಡ್ಡ ಸಾಹಸಕ್ಕೆ ಕೈಹಾಕಿದೆ. 2004ರ ನವೆಂಬರಿನಲ್ಲಿ 111 ನಿಮಿಷಗಳ ಒಂದು ಕಂತನ್ನು ಎಲ್ಲಿಯೂ ಕತ್ತರಿಸದೆ ಒಂದೇ ಶಾಟ್‌ನಲ್ಲಿ ಚಿತ್ರಿಸಿ ತೋರಿಸಿದರು. ಬಿ.ಪಿ. ಸಿಂಗ್ ಮೂಲತಃ ದೂರದರ್ಶನದ ಛಾಯಾಗ್ರಾಹಕ ಎಂಬುದು ಅಲ್ಲಿ ಎದ್ದು ಕಾಣುತ್ತದೆ. ಆರಂಭದ ವರ್ಷಗಳಲ್ಲಿ ಪ್ರದ್ಯುಮ್ನ ಅಪರಾಧಿಯಾದ ಸ್ವಂತ ಮಗನನ್ನೇ ಗುಂಡಿಟ್ಟು ಕೊಲ್ಲಬೇಕಾಗಿ ಬರುವ ಕಥೆ ಬಂತು. ಅಂಥ ಭಾರ ಹೊತ್ತ ಮನುಷ್ಯ ಮುಂದಿನ ವಾರ ಹೇಗೆ ಕಚೇರಿಗೆ ಬರುತ್ತಾನೆ ಎಂದು ಕೇಳಿಕೊಳ್ಳುವ ಧೈರ್ಯ ಆಗ ಆ ಬರವಣಿಗೆಗಿತ್ತು. ಕಂತುಗಳು ಬೆಳೆದಂತೆ ಆ ಧೈರ್ಯ ಕರಗಿ, ಪ್ರೇತ, ರೋಬಾಟು, ವಿಷಕನ್ಯೆಯರ ಕಡೆಗೆ ಕಥೆ ಜಾರಿತು.

ಈ ಧಾರಾವಾಹಿಯನ್ನು ಗೇಲಿ ಮಾಡುವವರು ಹಿಡಿಯುವುದು ಸಾಮಾನ್ಯವಾಗಿ ಇದನ್ನೇ. ನೀಲಿ ದ್ರಾವಣ ಕೆಂಪಾದ ಕೂಡಲೇ ವಿಷದ ಹೆಸರು ತಿಳಿಯುತ್ತದೆ. ಮಸುಕಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದರೆ ಕೊಲೆಗಾರನ ಉಂಗುರದ ಅಕ್ಷರ ಕಾಣುತ್ತದೆ. ಕಾಡಿನಲ್ಲಿ ಬಿದ್ದ ಗುಂಡಿ ನೇರವಾಗಿ ದರ್ಜಿಯ ಮನೆಗೆ ಕರೆದೊಯ್ಯುತ್ತದೆ. ನಗಲು ಬೇಕಾದಷ್ಟಿದೆ, ನಕ್ಕದ್ದೂ ಆಗಿದೆ. ಆದರೆ ಇದು ದೊಡ್ಡ ದೋಷವೆಂದು ನಮಗೆ ಅನಿಸುವುದಿಲ್ಲ. ಹನುಮಂತ ಸಮುದ್ರ ಹಾರುವಾಗ ರಂಗಸ್ಥಳದ ಅಗಲವನ್ನು ಯಾರೂ ಅಳೆಯುವುದಿಲ್ಲ. ಆಟಕ್ಕೆ ಅದರದೇ ಆದ ನಿಯಮ ಉಂಟು. ನಮ್ಮ ತಕರಾರು ಬೇರೆ. ‘ಸಿ.ಐ.ಡಿ.’ ಒಂದು ಅಪರಾಧದ ಕಥೆಯ ನಡುವಿನ ಭಾಗವನ್ನು ಮಾತ್ರ ಹೇಳುತ್ತದೆ. ಅದಕ್ಕೆ ಮೊದಲಿನದನ್ನೂ ಹೇಳುವುದಿಲ್ಲ, ನಂತರದ್ದನ್ನೂ ಹೇಳುವುದಿಲ್ಲ. ಮೊದಲಿನದು ಎಂದರೆ, ಸತ್ತವರನ್ನು ಯಾರಾದರೂ ಹುಡುಕುತ್ತಾರೆಯೇ ಎಂಬ ಪ್ರಶ್ನೆ. ನಂತರದ್ದು ಎಂದರೆ, ಸಿಕ್ಕಿಬಿದ್ದವನು ತಪ್ಪಿತಸ್ಥನೇ ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ.

ಮೊದಲಿನದನ್ನು ನೋಡೋಣ. 1547 ಕಂತುಗಳಲ್ಲಿ ಬಹುತೇಕ ಎಲ್ಲದರ ಆರಂಭವೂ ಒಂದೇ. ಹೆಣ ಬಿದ್ದ ಕೆಲವೇ ನಿಮಿಷಗಳಲ್ಲಿ ಜೀಪು ಬರುತ್ತದೆ. ಹಿರಿಯ ಅಧಿಕಾರಿಯೇ ಮೊಣಕಾಲೂರಿ ಕೂತು ಆ ಮುಖವನ್ನು ನೋಡುತ್ತಾನೆ. ಸತ್ತವನು ಭಿಕ್ಷುಕನಾದರೂ ಸರಿ, ಇಡೀ ತಂಡ ಊಟ ನಿದ್ದೆ ಬಿಟ್ಟು ಅವನ ಹೆಸರನ್ನು ಹುಡುಕುತ್ತದೆ. ಈ ಧಾರಾವಾಹಿಯ ನಿಜವಾದ ಮಾಯೆ ಇದೇ, ಸಾಳುಂಖೆಯ ದ್ರಾವಣವಲ್ಲ. ಯಾರೂ ಅನಾಥರಾಗಿ ಸಾಯುವುದಿಲ್ಲ ಎಂಬ ಭರವಸೆ ಅದರಲ್ಲಿದೆ. ಊರು ಬಿಟ್ಟು ಬಂದವರಿಗೆ ಆ ಭರವಸೆ ಬಹಳ ಬೇಕಾಗುತ್ತದೆ ಎಂಬುದನ್ನೂ ನಾವು ಬಲ್ಲೆವು.

ಆದರೆ ಅದೇ ವರ್ಷಗಳಲ್ಲಿ, ‘ಸಿ.ಐ.ಡಿ.’ ಅತಿ ಜನಪ್ರಿಯವಾಗಿದ್ದ ಕಾಲದಲ್ಲಿ, ನಮ್ಮ ದಕ್ಷಿಣ ಕನ್ನಡದಲ್ಲಿ ಏನು ನಡೆಯುತ್ತಿತ್ತು? 2009ರ ಅಕ್ಟೋಬರಿನಲ್ಲಿ ಮೋಹನ್ ಕುಮಾರ್ ಎಂಬ ಮಾಜಿ ಪ್ರಾಥಮಿಕ ಶಾಲಾ ಶಿಕ್ಷಕನನ್ನು ಪೊಲೀಸರು ಬಂಧಿಸಿದರು. ಪತ್ರಿಕೆಗಳು ಅವನಿಗೆ ‘ಸಯನೈಡ್ ಮೋಹನ್’ ಎಂದು ಹೆಸರಿಟ್ಟವು. ಇಪ್ಪತ್ತು ಮಹಿಳೆಯರ ಕೊಲೆಯ ಆರೋಪ ಅವನ ಮೇಲೆ ಬಂತು. ವರದಕ್ಷಿಣೆ ಇಲ್ಲದೆ ಮದುವೆಯಾಗುತ್ತೇನೆಂದು ನಂಬಿಸಿ, ಬಡ ಮನೆಯ ಹೆಣ್ಣುಮಕ್ಕಳನ್ನು ಬೇರೆ ಊರಿನ ಲಾಡ್ಜಿಗೆ ಕರೆದೊಯ್ದು, ಮರುದಿನ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣದಲ್ಲಿ ಗರ್ಭನಿರೋಧಕವೆಂದು ಸುಳ್ಳು ಹೇಳಿ ವಿಷದ ಮಾತ್ರೆ ಕೊಡುವುದು ಅವನ ಕ್ರಮವಾಗಿತ್ತು. ಮಡಿಕೇರಿ, ಮೈಸೂರು, ಬೆಂಗಳೂರಿನಂಥ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ದೇಹಗಳು ಸಿಕ್ಕವು. ಪ್ರತಿಯೊಂದು ಠಾಣೆಯೂ ತನಗೆ ಸಿಕ್ಕ ದೇಹವನ್ನು ಅಸಹಜ ಮರಣದ ಕಡತದಲ್ಲಿ, ನಮ್ಮ ಪೊಲೀಸರ ಮಾತಿನಲ್ಲಿ ಯು.ಡಿ.ಆರ್. ಎಂದು ಬರೆದು ಮುಚ್ಚಿತು. ಗುರುತು ಸಿಗದ ಹೆಂಗಸು, ಬಹುಶಃ ಆತ್ಮಹತ್ಯೆ. ಇತ್ತ ಮನೆಯಲ್ಲಿ, ಯಾರನ್ನೋ ನಂಬಿ ಹೋಗಿದ್ದಾಳೆ, ಎಲ್ಲೋ ಸುಖವಾಗಿರಲಿ ಎಂಬ ಮೌನ. ಮಾನಕ್ಕೆ ಅಂಜಿ ದೂರು ಕೊಡದವರು ಎಷ್ಟೋ.

ಈ ಸರಣಿಯಲ್ಲಿ ಪ್ರದ್ಯುಮ್ನ ಬರಲಿಲ್ಲ. ಕೊನೆಗೂ ಗಂಟು ಬಿಚ್ಚಿದ್ದು 2009ರಲ್ಲಿ ಬಂಟ್ವಾಳ ತಾಲೂಕಿನ ಒಬ್ಬ ಯುವತಿ ಕಾಣೆಯಾದಾಗ. ಅವಳು ಅನ್ಯಧರ್ಮದವನ ಜತೆ ಹೋಗಿದ್ದಾಳೆಂಬ ಗುಲ್ಲೆದ್ದು, ಜನ ಠಾಣೆಯ ಮುಂದೆ ಸೇರಿ, ಪೊಲೀಸರ ಮೇಲೆ ಒತ್ತಡ ಬಿತ್ತು. ಆಮೇಲೆ ದೂರವಾಣಿ ಕರೆಗಳ ಪಟ್ಟಿಯನ್ನು ತಾಳ್ಮೆಯಿಂದ ಹಿಡಿದು ಹೋದ ತನಿಖೆ ಒಬ್ಬಳಿಂದ ಇನ್ನೊಬ್ಬಳಿಗೆ, ಮತ್ತೊಬ್ಬಳಿಗೆ ತಲುಪಿತು. ಗುಲ್ಲು ಸುಳ್ಳಾಗಿತ್ತು, ಆದರೆ ಗುಲ್ಲೇಳದಿದ್ದರೆ ಹುಡುಕಾಟವೂ ಆಗುತ್ತಿತ್ತೋ ಇಲ್ಲವೋ. ಕೊಂದವನು ಯಾರು ಎಂಬುದಕ್ಕಿಂತ, ಇಷ್ಟು ಮಂದಿ ಕಾಣೆಯಾಗುವವರೆಗೆ ಹುಡುಕದವರು ಯಾರು ಎಂಬುದು ಇಲ್ಲಿಯ ದೊಡ್ಡ ರಹಸ್ಯ. ಅದರ ಉತ್ತರದಲ್ಲಿ ಠಾಣೆಯೊಂದೇ ಇಲ್ಲ. ಮದುವೆಯ ಮಾರುಕಟ್ಟೆಯೂ ಇದೆ. ಕರಾವಳಿಯಲ್ಲಿ ಹುಡುಗಿಯ ಮೈಮೇಲಿನ ಚಿನ್ನದ ತೂಕ ಏರುತ್ತ ಹೋದದ್ದರಲ್ಲಿ ಕೊಲ್ಲಿಯ ದುಡ್ಡಿಗೆ ಪಾಲೇ ಇಲ್ಲವೆಂದು ಮನಾಮಾದ ಚಿನ್ನದ ಸೂಕ್ ನೋಡಿದ ಯಾರೂ ಹೇಳಲಾರರು. ಆ ತೂಕ ಹೊಂದಿಸಲಾರದ ಮನೆಗಳಿಂದಲೇ ಈ ಹೆಣ್ಣುಮಕ್ಕಳು ಹೊರಟದ್ದು.

ಈ ಪ್ರಕರಣದಿಂದ ಪ್ರೇರಿತವೆಂದು ಪತ್ರಿಕೆಗಳು ಬರೆದ ‘ದಹಾಡ್’ ಎಂಬ ಹಿಂದಿ ಸರಣಿ 2023ರಲ್ಲಿ ಅಂತರಜಾಲದಲ್ಲಿ ಬಂತು. ಕರಾವಳಿಯ ಸಂಕಟ ಅಲ್ಲಿ ರಾಜಸ್ಥಾನದ ಊರಿಗೆ ವರ್ಗವಾಗಿತ್ತು. ಆದರೂ ಎಂಟು ಕಂತುಗಳ ಆ ಸರಣಿ ನಾವು ಹೇಳುತ್ತಿರುವ ‘ಮೊದಲಿನ’ ಭಾಗವನ್ನು ಮುಟ್ಟಿತು. ಕೊಲೆಗಾರ ಯಾರೆಂದು ಬೇಗನೆ ತೋರಿಸಿಬಿಟ್ಟು, ಕಾಣೆಯಾದವರ ಕಡತ ಏಕೆ ತೆರೆಯುವುದಿಲ್ಲ ಎಂಬುದರ ಮೇಲೆ ಕಥೆಯನ್ನು ನಿಲ್ಲಿಸಿತು. ಎಂಟು ಕಂತಿನಲ್ಲಿ ಸಾಧ್ಯವಾದದ್ದು ‘ಸಿ.ಐ.ಡಿ.’ಯ ಇಪ್ಪತ್ತು ವರ್ಷದಲ್ಲಿ ಒಂದು ಪದ್ಧತಿಯಾಗಿ ಬೆಳೆಯಲಿಲ್ಲ.

ಇನ್ನು ನಂತರದ್ದು. ‘ಸಿ.ಐ.ಡಿ.’ಯಲ್ಲಿ ಕಥೆ ಮುಗಿಯುವುದು ಕೆನ್ನೆಯ ಮೇಲೆ. ದಯಾನ ಕೈ ಬೀಳುತ್ತದೆ, ಆರೋಪಿ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ಪ್ರದ್ಯುಮ್ನ ಗಲ್ಲಿನ ಮಾತಾಡುತ್ತಾನೆ, ಹೆಸರುಗಳು ಓಡುತ್ತವೆ. ವಕೀಲರಿಲ್ಲ, ನ್ಯಾಯಾಧೀಶರಿಲ್ಲ, ಸಾಕ್ಷಿಯ ಪಾಟೀಸವಾಲಿಲ್ಲ. ಕಾನೂನಿನಲ್ಲಿ ನೋಡಿದರೆ ಇವರ ಕಥೆ ಮುಗಿಯುವ ಜಾಗದಲ್ಲಿ ಏನೂ ಮುಗಿದಿರುವುದಿಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ತನ್ನ 23ನೇ ಕಲಮಿನಲ್ಲಿ ಅದನ್ನೇ ಉಳಿಸಿಕೊಂಡಿದೆ. ಈ ನಿಯಮ ಯಾರದೋ ಮೃದು ಮನಸ್ಸಿನಿಂದ ಹುಟ್ಟಿದ್ದಲ್ಲ. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಕಂದಾಯದವರೂ ಪೊಲೀಸರೂ ಜನರನ್ನು ಹಿಂಸಿಸುತ್ತಿದ್ದುದನ್ನು 1855ರಲ್ಲೇ ಒಂದು ಆಯೋಗ ವಿಚಾರಿಸಿ ವರದಿ ಕೊಟ್ಟಿತ್ತು. ಆಗ ನಮ್ಮ ಕೆನರಾ ಆ ಪ್ರೆಸಿಡೆನ್ಸಿಗೇ ಸೇರಿತ್ತು. ಹೊಡೆತಕ್ಕೆ ಬಾಯಿಬಿಟ್ಟವನ ಮಾತು ಸತ್ಯವಲ್ಲ, ನೋವು ಎಂಬ ತಿಳಿವು ನಮ್ಮ ಅಜ್ಜಂದಿರ ಅಜ್ಜಂದಿರು ಮೈಮೇಲೆ ಬರೆಸಿಕೊಂಡು ಗಳಿಸಿದ್ದು.

ಕರ್ನಾಟಕದ ಹೆಸರು ಈ ಚರಿತ್ರೆಯಲ್ಲಿ ಇನ್ನೊಂದು ಕಡೆಯೂ ಬರುತ್ತದೆ. ಮಂಪರು ಪರೀಕ್ಷೆಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಒಂದು ಕಾಲದಲ್ಲಿ ದೇಶಕ್ಕೇ ಹೆಸರಾಗಿತ್ತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ ತಿಂಗಳಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಅಂಥ ಪರೀಕ್ಷೆಗೆ ಒಳಪಡಿಸಬಾರದೆಂದು ತೀರ್ಪು ಕೊಟ್ಟಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಲು ಯಾರನ್ನೂ ಬಲವಂತ ಮಾಡಬಾರದೆಂಬ ಸಂವಿಧಾನದ ಮಾತೇ ಅದರ ಆಧಾರ.

ಬಾಗಿಲಿನ ವಿಷಯವೂ ಹೀಗೆಯೇ. ಬಾಗಿಲು ಒಡೆಯುವ ಅಧಿಕಾರ ಪೊಲೀಸರಿಗೆ ಕಾನೂನಿನಲ್ಲೂ ಇದೆ. ಆದರೆ ತಾನು ಯಾರು, ಏಕೆ ಬಂದೆ ಎಂದು ಹೇಳಿ, ಒಳಗೆ ಬಿಡಿ ಎಂದು ಕೇಳಿ, ಬಿಡದಿದ್ದರೆ ಮಾತ್ರ. ಒಳಗೆ ಪರರ ಮುಂದೆ ಬರದ ಸಂಪ್ರದಾಯದ ಹೆಂಗಸರಿದ್ದರೆ ಅವರು ಹೊರಹೋಗಲು ಸಮಯ ಕೊಟ್ಟು ಆಮೇಲೆ. ತಟ್ಟುವ ಕ್ಷಣವನ್ನು ಧಾರಾವಾಹಿ ಕತ್ತರಿಸಿತು, ಒದೆಯುವ ಕ್ಷಣವನ್ನು ಉಳಿಸಿಕೊಂಡಿತು. ಕಾನೂನು ಇರುವುದು ಆ ಕತ್ತರಿಸಿದ ತುಣುಕಿನಲ್ಲಿ.

ಇಷ್ಟು ಕೇಳುವುದು ಅತಿಯಾಯಿತು, ಮನರಂಜನೆಯಲ್ಲಿ ಕೋರ್ಟು ಕಚೇರಿ ತಂದರೆ ಯಾರು ನೋಡುತ್ತಾರೆ ಎನ್ನುವವರಿಗೆ ಕನ್ನಡದಲ್ಲೇ ಉತ್ತರವಿದೆ. ‘ಸಿ.ಐ.ಡಿ.’ ಶುರುವಾದ 1998ರಲ್ಲೇ ಬೆಂಗಳೂರು ದೂರದರ್ಶನದಲ್ಲಿ ‘ಮಾಯಾಮೃಗ’ ಬಂತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಕೂಡಿ ಮಾಡಿದ ಆ ಧಾರಾವಾಹಿ ಕನ್ನಡ ಕಿರುತೆರೆಗೆ ಒಂದು ಘನತೆ ತಂದಿತು. ಮುಂದೆ ಸೀತಾರಾಮ್ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’, 2018ರಲ್ಲಿ ‘ಮಗಳು ಜಾನಕಿ’ಯವರೆಗೆ ನಡೆದುಬಂದರು. ಸ್ವತಃ ವಕೀಲಿಕೆ ಓದಿದವರು, ನಾಟಕಕಾರರು. ತಾವೇ ಸಿ.ಎಸ್.ಪಿ. ಎಂಬ ವಕೀಲರಾಗಿ ಕರಿ ಕೋಟು ತೊಟ್ಟು ನಿಂತಾಗ, ನ್ಯಾಯಾಲಯದ ದೃಶ್ಯ ವಾರಗಟ್ಟಲೆ ನಡೆದರೂ ಗೃಹಿಣಿಯರು, ಗುಮಾಸ್ತರು, ವಿದ್ಯಾರ್ಥಿಗಳು ಕಾದು ನೋಡಿದರು. ಸಾಕ್ಷಿಯನ್ನು ಕೇಳುವ ಪ್ರಶ್ನೆಯೊಂದು ಬಂದೂಕಿಗಿಂತ ರೋಚಕವಾಗಬಲ್ಲದೆಂದು ಕನ್ನಡದ ಪ್ರೇಕ್ಷಕರು ಆಗಲೇ ತೋರಿಸಿಕೊಟ್ಟಿದ್ದಾರೆ.

ಸೀತಾರಾಮ್ ಅವರ ಕೃತಿಗಳಲ್ಲಿ ಕುಂದಿಲ್ಲವೆಂದಲ್ಲ. ಕಣ್ಣೀರು ಕೆಲವೊಮ್ಮೆ ವಾದವನ್ನು ಮುಳುಗಿಸುತ್ತದೆ, ಎಳೆತ ಉಂಟು, ಸಿ.ಎಸ್.ಪಿ. ಕೂಡ ಒಂದು ಬಗೆಯ ರಕ್ಷಕ ಪುರುಷನೇ, ಬೇರೆ ವಕೀಲರೆಲ್ಲ ಅವರ ಮುಂದೆ ಸಪ್ಪೆಯಾಗುತ್ತಾರೆ. ಆದರೂ ಎದುರು ಪಕ್ಷಕ್ಕೆ ಮಾತಾಡಲು ಅವರು ಜಾಗ ಕೊಡುತ್ತಾರೆ. ತನಿಖಾಧಿಕಾರಿ ತಪ್ಪಿರಬಹುದು, ಸಾಕ್ಷಿ ಹೆದರಿರಬಹುದು, ಆರೋಪಿ ನಿರಪರಾಧಿಯಾಗಿರಬಹುದು ಎಂಬ ಅನುಮಾನ ಅಲ್ಲಿ ಬದುಕಿರುತ್ತದೆ. ‘ಸಿ.ಐ.ಡಿ.’ಯಲ್ಲಿ ಅನುಮಾನ ಕೊನೆಯ ಐದು ನಿಮಿಷದಲ್ಲಿ ಸಾಯುತ್ತದೆ, ಅದರ ಕೊಲೆಗಾರರನ್ನು ಯಾರೂ ಹಿಡಿಯುವುದಿಲ್ಲ.

ಮೋಹನ್ ಕುಮಾರನ ಕಥೆಗೂ ಒಂದು ‘ನಂತರ’ ಇತ್ತು. ಅವನು ನ್ಯಾಯಾಲಯದಲ್ಲಿ ತನ್ನ ವಾದವನ್ನು ತಾನೇ ಮಂಡಿಸಿದ. ಬಂಧನವಾಗಿ ನಾಲ್ಕು ವರ್ಷದ ಮೇಲೆ, 2013ರ ಡಿಸೆಂಬರಿನಲ್ಲಿ, ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು. 2017ರಲ್ಲಿ ಹೈಕೋರ್ಟು ಒಂದು ಪ್ರಕರಣದಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬರುವಾಗ 2020 ಆಗಿತ್ತು. ಒಬ್ಬೊಬ್ಬ ಹೆಣ್ಣುಮಗಳ ಹೆಸರನ್ನೂ ನ್ಯಾಯಾಲಯದಲ್ಲಿ ಪ್ರತ್ಯೇಕವಾಗಿ ಕರೆದು, ಪ್ರತ್ಯೇಕವಾಗಿ ಸಾಕ್ಷ್ಯ ಕೇಳಿ, ಪ್ರತ್ಯೇಕವಾಗಿ ತೀರ್ಪು ಬರೆದರು. ನಿಧಾನವೆಂದು ಬೈಯಬಹುದು, ಬೈಯಲೂ ಬೇಕು. ಆದರೆ ಶೌಚಾಲಯದಲ್ಲಿ ಗುರುತಿಲ್ಲದೆ ಬಿದ್ದಿದ್ದವರಿಗೆ ಹೆಸರು ಹಿಂತಿರುಗಿದ್ದು ಈ ನಿಧಾನದಲ್ಲೇ. ಒಂದು ಕಪಾಳಮೋಕ್ಷದಿಂದ ಅದು ಆಗುತ್ತಿರಲಿಲ್ಲ.

2024ರಲ್ಲಿ ಮರಳಿದ ‘ಸಿ.ಐ.ಡಿ.’ಯಲ್ಲಿ ಉಪಕರಣಗಳು ಹೊಸವು, ಕಚೇರಿ ಹೊಸದು, ಕಟ್ಟೋಣ ಮಾತ್ರ ಹಳೆಯದೇ. 2025ರ ಏಪ್ರಿಲಿನಲ್ಲಿ ಪ್ರದ್ಯುಮ್ನ ಬಾಂಬಿಗೆ ಬಲಿಯಾದನೆಂದು ತೋರಿಸಿದರು. ವಾಹಿನಿ ಸಂತಾಪದ ಚಿತ್ರ ಹಾಕಿತು, ದೇಶ ವಿದೇಶದ ಅಭಿಮಾನಿಗಳು ಮರುಗಿದರು, ಅವನು ಕೆಲಕಾಲದಲ್ಲೇ ಮರಳಿಯೂ ಬಂದ. ಕಾಲ್ಪನಿಕ ಪೊಲೀಸನಿಗೆ ಇಷ್ಟು ಕಣ್ಣೀರು ಸಿಗುವುದು ಕಥೆಯ ಶಕ್ತಿಗೆ ಸಾಕ್ಷಿ. ಅಷ್ಟು ಶಕ್ತಿ ಇರುವ ಕಥೆ ಇನ್ನೂ ಹೆಚ್ಚು ದೂರ ನೋಡಬಹುದಿತ್ತು ಎಂಬುದೇ ನಮ್ಮ ದೂರು.

ಈ ಧಾರಾವಾಹಿಯನ್ನು ನೋಡಬೇಡಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಬಳಗದ ಬಹುಪಾಲು ಮಂದಿ ನೋಡಿಯೇ ನೋಡುತ್ತಾರೆ, ಶೆಟ್ಟರು ಬಾಗಿಲು ಒದ್ದಾಗ ಚಪ್ಪಾಳೆಯನ್ನೂ ತಟ್ಟುತ್ತಾರೆ. ಆದರೆ ಹೆಸರುಗಳು ಓಡುವಾಗ ಪಕ್ಕದಲ್ಲಿ ಕೂತ ಮಗುವನ್ನು ಎರಡು ಪ್ರಶ್ನೆ ಕೇಳಬಹುದು. ಸತ್ತವಳು ಕಾಣೆಯಾದಾಗ ಮೊದಲು ಹುಡುಕಬೇಕಾದವರು ಯಾರಾಗಿದ್ದರು? ಹೊಡೆತ ತಿಂದು ಒಪ್ಪಿಕೊಂಡವನು ನಿಜವಾಗಿಯೂ ಅವನೇ ಎಂದು ನಿನಗೆ ಹೇಗೆ ಗೊತ್ತು? ಕನ್ನಡದ ಕಾದಂಬರಿಗಳಿಂದ ನಾವು ಕಲಿತ ಓದು ಇಂಥ ಪ್ರಶ್ನೆಗಳನ್ನು ಕೇಳುವುದಕ್ಕೇ ಇರುವುದು. ಮಕ್ಕಳು ಕೊಟ್ಟ ಉತ್ತರಗಳಲ್ಲಿ ಸ್ವಾರಸ್ಯವಾದವು ಇದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.